ಕೆಮ್ಮಣ್ಣುಗುಂಡಿ ಝಡ್ ಪಾಯಿಂಟ್: ಚಿಕ್ಕ ಮಕ್ಕಳು, ಮಂಡಿನೋವಿನ ಅತ್ತೆ ಜೊತೆ ಆಗುತ್ತಾ?

ತುಮಕೂರಿನವಳು
ಅಕ್ಟೋಬರ್ ಕೊನೆಯಲ್ಲಿ ಹೋಗೋ ಯೋಚನೆ. ಮಕ್ಕಳಿಗೆ 5 ಮತ್ತು 9 ವರ್ಷ. ಅತ್ತೆಗೆ ಮಂಡಿನೋವು. ಗುಡ್ಡದ ತುದಿಯ ಝಡ್ ಪಾಯಿಂಟ್ ದಾರಿ ಎಲ್ಲರೂ ನಡೆಯುವಂಥದ್ದಾ? ಹೆಬ್ಬೆ ಜಲಪಾತವೂ ಅದೇ ದಿನ ಮುಗಿಸಬಹುದಾ? ಜಿಗಣೆಗೆ ಏನು ಮಾಡ್ಬೇಕು? ನಮ್ಮದು ಸಣ್ಣ ಕಾರು.

ಗಿರಿಸಂಚಾರಿ
ಮೇಡಂ, ದಾರಿಯನ್ನು ಎರಡು ತುಂಡು ಮಾಡಿ ನೋಡಿ. ರಾಜಭವನದಿಂದ (ಕೆಮ್ಮಣ್ಣುಗುಂಡಿಯ ಅತಿಥಿಗೃಹ) ಝಡ್ ಪಾಯಿಂಟ್‌ಗೆ ಸುಮಾರು 3 ಕಿ.ಮೀ. ಶಾಂತಿ ಜಲಪಾತದವರೆಗೆ ಗುಡ್ಡದ ಪಕ್ಕೆಗೆ ಅಂಟಿಕೊಂಡ ಕಾಲುದಾರಿ, ಏರು ಕಡಿಮೆ. ಐದು ವರ್ಷದ ಮಗು ಆರಾಮಾಗಿ ನಡೆಯುತ್ತೆ. ಒಂದು ಕಡೆ ಇಳಿಜಾರು ಇರೋದ್ರಿಂದ ಮಗು ಗುಡ್ಡದ ಬದಿ, ನೀವು ಕಣಿವೆ ಬದಿ. ಸಾಲಾಗಿ ಹೋಗಿ, ದೊಡ್ಡವರೊಬ್ಬರು ಕೊನೆಯಲ್ಲಿರಲಿ.

ಜಲಪಾತ ದಾಟಿದ ಮೇಲೆ ಏರು ಶುರು. ಕೊನೆಯ ಭಾಗ ಕಡಿದು, ಬಯಲು ಹುಲ್ಲುಗುಡ್ಡ, ಗಾಳಿ ಜೋರು. ಬರೀ ದೊಡ್ಡವರಿಗೆ ಮುಕ್ಕಾಲು ಗಂಟೆ ಅಂತಾರೆ, ಮಕ್ಕಳಿದ್ರೆ ಹೋಗೋದಕ್ಕೇ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಶಾಂತಿ ಜಲಪಾತವೇ ಗುರಿ ಅಂತ ಹೊರಡಿ. ಅಲ್ಲಿ ನೆಲ ಒಣಗಿದ್ದು, ಮಂಜು ಇಲ್ಲದಿದ್ರೆ ಮಾತ್ರ ಮುಂದೆ.

ಊರಿನ ಹೆಸರಲ್ಲೇ ಎಚ್ಚರಿಕೆ ಇದೆ ನೋಡಿ. ಭದ್ರಾವತಿ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗ್ತಿದ್ದದ್ದು ಇಲ್ಲಿಂದಲೇ. ಈ ಕೆಂಪು ಮಣ್ಣು ನೆನೆದರೆ ಸಾಬೂನು. ಹತ್ತೋವಾಗ ಗೊತ್ತಾಗಲ್ಲ, ಜಾರಿ ಬೀಳೋದೆಲ್ಲ ಇಳಿಯುವಾಗ. ನುಣುಪು ಅಟ್ಟೆಯ ಶೂ, ಕ್ರಾಕ್ಸ್ ಬೇಡವೇ ಬೇಡ.

ಮಲ್ನಾಡ್ ಮಾಣಿ
ನಮ್ಮ ಕಡೆ ಜಿಗಣೆಗೆ ಉಂಬಳ ಅಂತೀವಿ. ಅಕ್ಟೋಬರಲ್ಲಿ ಮಳೆ ಬಂದ್ರೆ ಗ್ಯಾರಂಟಿ ಇರುತ್ತೆ. ಪ್ಯಾಂಟನ್ನು ಸಾಕ್ಸ್ ಒಳಗೆ ಸಿಕ್ಕಿಸಿ, ಸಾಕ್ಸ್ ಮೇಲೆ ನಶ್ಯ ಅಥವಾ ಉಪ್ಪು ಉಜ್ಜಿ. ನೆನೆದರೆ ತೊಳೆದುಹೋಗುತ್ತೆ, ಮತ್ತೆ ಉಜ್ಜಬೇಕು. ಹತ್ತಿದ್ರೆ ಅದರ ಮೇಲೂ ಒಂದು ಚಿಟಿಕೆ ಉಪ್ಪು ಹಾಕಿ, ಉದುರುತ್ತೆ.

ದವಾಖಾನೆ
ಮೇಲಿನವರ ಕೊನೇ ಸಾಲಿಗೆ ಒಂದು ತಿದ್ದುಪಡಿ. ಉಪ್ಪು ಸಾಕ್ಸ್‌ಗೆ ಸರಿ, ಕಚ್ಚಿಕೊಂಡಿರೋ ಉಂಬಳಕ್ಕೆ ಬೇಡ. ಅದು ಹೊಟ್ಟೆಯಲ್ಲಿರೋದನ್ನು ಗಾಯಕ್ಕೇ ಕಕ್ಕುತ್ತೆ. ಸಪೂರ ತುದಿಯೇ ಬಾಯಿ. ಆ ಕಡೆ ಚರ್ಮಕ್ಕೆ ಉಗುರು ಒತ್ತಿ ಪಕ್ಕಕ್ಕೆ ಸರಿಸಿ, ಆಮೇಲೆ ಇನ್ನೊಂದು ತುದಿ. ಅದರ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡೋ ಅಂಶ ಇರುತ್ತೆ, ಹಾಗಾಗಿ ಬಿಟ್ಟ ಮೇಲೂ ತುಂಬಾ ಹೊತ್ತು ಜಿನುಗುತ್ತೆ. ಸಾಬೂನು ನೀರಲ್ಲಿ ತೊಳೆದು, ಹತ್ತಿ ಒತ್ತಿ ಕಟ್ಟಿ. ಅತ್ತೆ ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ತಿದ್ರೆ ಕಾಡಿನ ದಾರಿಗೆ ಕರೆದುಕೊಂಡು ಹೋಗಬೇಡಿ.

ಪ್ರವಾಸ ಡಿಸೆಂಬರ್ ದಾಟಿದ್ರೆ ಉಂಬಳಕ್ಕಿಂತ ಉಣ್ಣೆ (ಉಣುಗು, ರಕ್ತ ಹೀರೋ ಸಣ್ಣ ಹುಳ) ಬಗ್ಗೆ ಎಚ್ಚರ ಮುಖ್ಯ. ಮಲೆನಾಡಿನಲ್ಲಿ ಅದರ ಕಡಿತದಿಂದ ಮಂಗನ ಕಾಯಿಲೆ ಹರಡೋ ಕಾಲ ಅದು. ಸತ್ತ ಮಂಗ ಕಂಡ್ರೆ ಹತ್ತಿರ ಹೋಗಬೇಡಿ. ರೂಮಿಗೆ ಬಂದ ಕೂಡಲೇ ಮಕ್ಕಳ ಕಿವಿ ಹಿಂದೆ, ಕಂಕುಳು, ತೊಡೆಸಂದು ನೋಡಿ. ಉಣ್ಣೆ ಇದ್ರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಊರಿಗೆ ಬಂದ ವಾರದಲ್ಲಿ ಜ್ವರ ಬಂದ್ರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ತುಮಕೂರಿನವಳು
ತುಂಬಾ ಥ್ಯಾಂಕ್ಸ್. ಅತ್ತೆ ಎಲ್ಲಿರಲಿ ಹಾಗಾದ್ರೆ? ಸಂಜೆ ಸೂರ್ಯಾಸ್ತಕ್ಕೆ ಝಡ್ ಪಾಯಿಂಟ್ ಇಟ್ಟುಕೊಂಡ್ರೆ?

ಗಿರಿಸಂಚಾರಿ
ಸೂರ್ಯಾಸ್ತ ಬೇಡ. ಸೂರ್ಯ ಮುಳುಗಿದ ಮೇಲೆ ಅದೇ ಜಾರು ದಾರಿಯಲ್ಲಿ ಕತ್ತಲಲ್ಲಿ ಇಳಿಯಬೇಕು, ಕಾಟಿ (ಕಾಡುಕೋಣ) ಓಡಾಡೋ ಕಾಡು ಬೇರೆ. ಬೆಳಿಗ್ಗೆ ಎಂಟಕ್ಕೆ ಹೊರಡಿ. ತಲೆಗೊಂದು ಲೀಟರ್ ನೀರು, ಮಕ್ಕಳಿಗೆ ಬಟ್ಟೆ ಇನ್ನೊಂದು ಜೊತೆ. ಕೊಡೆ ಬೇಡ, ಗಾಳಿಗೆ ಮಗುಚುತ್ತೆ, ರೇನ್‌ಕೋಟ್ ಇರಲಿ. ಮಗು ಸುಸ್ತಾದ್ರೆ ಬೆನ್ನ ಮೇಲೆ ಹೊರಬೇಕು, ಹೆಗಲ ಮೇಲಲ್ಲ. ಜಾರಿದ್ರೆ ಇಬ್ಬರೂ ಹೋಗ್ತೀರಿ.

ಅತ್ತೆಗೆ ರಾಜಭವನದ ಸುತ್ತಲಿನ ತೋಟ ಸಾಕು, ಗುಲಾಬಿ ಇದೆ, ಕಣಿವೆ ಕೂತಲ್ಲಿಂದಲೇ ಕಾಣುತ್ತೆ. ಜೊತೆಗೊಬ್ಬರು ಇರಲಿ, ಫೋನ್ ಸಿಗ್ನಲ್ ನಂಬಬೇಡಿ, ಇಷ್ಟು ಗಂಟೆಗೆ ವಾಪಸ್ ಅಂತ ಮೊದಲೇ ಹೇಳಿಟ್ಟು ಹೋಗಿ.

ಹೆಬ್ಬೆ ಈ ಸಲ ಬಿಡಿ. ಕುಲುಕಾಡೋ ಜೀಪು, ಆಮೇಲೆ ನಡಿಗೆ, ಹಳ್ಳ ದಾಟೋದು. ಬದಲಿಗೆ ಇಳಿಯುವಾಗ ಕಲ್ಲತ್ತಿಗಿರಿಯಲ್ಲಿ ನಿಲ್ಲಿ. ವೀರಭದ್ರನ ಗುಡಿ ಪಕ್ಕದಲ್ಲೇ ನೀರು ಬೀಳುತ್ತೆ, ಅತ್ತೆಗೂ ಖುಷಿ. ಬಂಡೆ ಪಾಚಿಗಟ್ಟಿರುತ್ತೆ, ಮಕ್ಕಳ ಕೈ ಬಿಡಬೇಡಿ.

ಕಾರಿಗೆ ಬೀರೂರು, ಲಿಂಗದಹಳ್ಳಿ ದಾರಿ ಹಿಡಿಯಿರಿ. ಪೆಟ್ರೋಲ್ ಕೆಳಗೇ ತುಂಬಿಸಿ. ಲಿಂಗದಹಳ್ಳಿ ದಾಟಿದ್ರೆ ತಿರುವೋ ತಿರುವು, ಮಕ್ಕಳಿಗೆ ಅದಕ್ಕೆ ಮುಂಚೆ ಹೊಟ್ಟೆ ತುಂಬಾ ತಿನ್ನಿಸಬೇಡಿ.