ಅಳಿವೆಯಲ್ಲಿ ಟರ್ಬೈನು ತಿರುಗುತ್ತದೆ, ಬ್ಯಾಟರಿ ಚಾರ್ಜ್ ಆಗುವುದಿಲ್ಲ: ಯಾವ ಜನರೇಟರ್ ಸೂಕ್ತ?

ಪ್ರಶ್ನೆ:
ನಮಸ್ಕಾರ. ಗಂಗೊಳ್ಳಿಯ ಅಳಿವೆಯಲ್ಲಿ ಡ್ರಮ್ಮುಗಳ ತೆಪ್ಪ ಕಟ್ಟಿ, ನೇರ ರೆಕ್ಕೆಗಳ ಲಂಬ ಅಕ್ಷದ ಟರ್ಬೈನೊಂದನ್ನು ಇಳಿಬಿಟ್ಟಿದ್ದೇನೆ. ಅಡ್ಡಳತೆ 1.2 ಮೀಟರ್, ಎತ್ತರವೂ ಅಷ್ಟೇ. ಅಮಾವಾಸ್ಯೆಯ ಇಳಿತದಲ್ಲಿ ತೇಲಿಬಿಟ್ಟ ತೆಂಗಿನಕಾಯಿ 12 ಮೀಟರ್ ದಾಟಲು 10 ಸೆಕೆಂಡು ತೆಗೆದುಕೊಂಡಿತು. 500 ಆರ್‌ಪಿಎಂಗೆ (ನಿಮಿಷಕ್ಕೆ ಸುತ್ತು) 24 ವೋಲ್ಟ್, 500 ವ್ಯಾಟ್ ಎಂದು ಬರೆದಿರುವ ಮೂರು ಫೇಸಿನ ಶಾಶ್ವತ ಕಾಂತದ ಜನರೇಟರನ್ನು 1:4 ಚೈನಿನಿಂದ ಜೋಡಿಸಿದ್ದೇನೆ. ಬ್ಯಾಟರಿ ಬಿಚ್ಚಿದಾಗ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರಿನ ಆಚೆ 13.2 ವೋಲ್ಟ್ ಇರುತ್ತದೆ. 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದರೆ ಅರ್ಧ ಆಂಪಿಯರೂ ಹರಿಯುವುದಿಲ್ಲ. ಅಷ್ಟಮಿಯ ಆಸುಪಾಸಿನಲ್ಲಂತೂ ಟರ್ಬೈನು ತಾನಾಗಿ ಹೊರಡುವುದೇ ಇಲ್ಲ. ಸಾವಿರ ವ್ಯಾಟಿನ ಜನರೇಟರ್ ತರಬೇಕೇ? ಮನೆಯಲ್ಲಿರುವ ಹಳೆಯ ಕಾರಿನ ಆಲ್ಟರ್ನೇಟರ್ ನಡೆದೀತೇ?

ಉತ್ತರ:
ಆಲ್ಟರ್ನೇಟರನ್ನು ಬಿಟ್ಟುಬಿಡಿ. ಅದಕ್ಕೆ ಸಾವಿರದ ಮೇಲಿನ ಆರ್‌ಪಿಎಂ ಬೇಕು, ಜೊತೆಗೆ ಕಾಂತತ್ವ ಹುಟ್ಟಿಸುವ ಫೀಲ್ಡ್ ಸುರುಳಿಗೆ ನಿಮ್ಮ ಬ್ಯಾಟರಿಯೇ ಕರೆಂಟು ಕೊಡಬೇಕು. ಮೂರೂ ಫೇಸುಗಳ ನಡುವಣ ವೋಲ್ಟೇಜ್ ಸಮವಾಗಿದೆಯೇ, ಬ್ಯಾಟರಿ ಇಲ್ಲದೆ ಟರ್ಬೈನಿನ ದಂಡ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಎಂಬುದನ್ನು ಅಳೆದು ತಿಳಿಸಿ.

ಪ್ರಶ್ನಿಸಿದವರು:
ಮೂರೂ ಸಮವಾಗಿವೆ. ದಂಡಕ್ಕೆ ಬಿಳಿ ಬಣ್ಣದ ಗೆರೆ ಹಚ್ಚಿ ಎಣಿಸಿದೆ: ನಿಮಿಷಕ್ಕೆ 70 ಸುತ್ತು.

ಉತ್ತರ:
ಹಾಗಾದರೆ ಸುರುಳಿಯಲ್ಲಿ ದೋಷವಿಲ್ಲ, ಆಯ್ಕೆಯಲ್ಲಿದೆ. ಬರಿದೇ ತಿರುಗುವಾಗಿನ 70 ಸುತ್ತಿನಲ್ಲಿ ನೀರಿನಿಂದ ಸಿಗುವ ಬಲವೆಲ್ಲ ಘರ್ಷಣೆಗೇ ಹೋಗುತ್ತದೆ, ಹೊರಗೆ ಕೊಡಲು ಏನೂ ಉಳಿಯುವುದಿಲ್ಲ. ಇಂಥ ಟರ್ಬೈನು ಹೆಚ್ಚು ಶಕ್ತಿ ಕೊಡುವುದು ರೆಕ್ಕೆಯ ವೇಗವು ನೀರಿನ ವೇಗದ ಎರಡು ಪಟ್ಟಿಗಿಂತ ತುಸು ಹೆಚ್ಚಿರುವಾಗ, ಅಂದರೆ ನಿಮ್ಮಲ್ಲಿ ಸುಮಾರು 40 ಸುತ್ತಿನಲ್ಲಿ. ಆಗ 1:4 ಚೈನಿನಿಂದ ಜನರೇಟರ್ 160 ಸುತ್ತಿನಲ್ಲಿರುತ್ತದೆ, ವೋಲ್ಟೇಜ್ ಎಂಟನ್ನೂ ಮುಟ್ಟುವುದಿಲ್ಲ. ಬ್ಯಾಟರಿ ಚಾರ್ಜ್ ಆಗಲು 14 ವೋಲ್ಟ್, ರೆಕ್ಟಿಫೈಯರಿನ ಡಯೋಡುಗಳಿಗೆ ಒಂದೂವರೆ, ಹೀಗೆ ಹದಿನೈದೂವರೆ ಬೇಕು. ಸಾವಿರ ವ್ಯಾಟಿನದು ತಂದರೂ ಆರ್‌ಪಿಎಂ ಅಷ್ಟೇ ಇದ್ದರೆ ಫಲವಿಲ್ಲ. ನಿಮ್ಮ ಹರಿವಿನಿಂದ ಕೈಗೆ ಸಿಗುವುದೇ ಇನ್ನೂರೈವತ್ತು ವ್ಯಾಟಿನ ಆಸುಪಾಸು.

ಚೈನನ್ನು 1:10 ಮಾಡುವ ಯೋಚನೆ ಬರಬಹುದು. ಬೇಡ: ಜನರೇಟರಿನೊಳಗಿನ ಕಾಂತಗಳು ಕಬ್ಬಿಣದ ಹಲ್ಲುಗಳಿಗೆ ಅಂಟಿಕೊಳ್ಳುವ ತಡೆಯೂ ಟರ್ಬೈನಿನ ದಂಡದಲ್ಲಿ ಹತ್ತು ಪಟ್ಟಾಗುತ್ತದೆ, ಅಷ್ಟಮಿಯಂದು ಅದು ಹೊರಡದಿರಲು ಈ ತಡೆಯೂ ಒಂದು ಕಾರಣ. ಉತ್ತರ ಐರ್ಲೆಂಡಿನ ಸ್ಟ್ರಾಂಗ್‌ಫರ್ಡ್ ಲಾಕ್‌ನಲ್ಲಿ 2008ರಲ್ಲಿ ನಿಲ್ಲಿಸಿದ 1.2 ಮೆಗಾವ್ಯಾಟಿನ ಸೀಜೆನ್ ಎಂಬ ಉಬ್ಬರವಿಳಿತದ ಟರ್ಬೈನು ಗೇರ್‌ಬಾಕ್ಸನ್ನೇ ಬಳಸಿತ್ತು ನಿಜ. ಆದರೆ ರಿಪೇರಿಗೆಂದು ಅದರ ರೋಟರುಗಳನ್ನು ನೀರಿನಿಂದ ಮೇಲಕ್ಕೆತ್ತುವ ವ್ಯವಸ್ಥೆ ಇತ್ತು. ಉಪ್ಪುನೀರು, ಮರಳಿನ ನಡುವೆ ನಿಮ್ಮ ಚೈನು ಚಿಕ್ಕದಿದ್ದಷ್ಟೂ ಒಳ್ಳೆಯದು.

ಈಗಿನ ಚೈನನ್ನೇ ಉಳಿಸಿಕೊಂಡು, ಹೆಚ್ಚು ಕಾಂತಧ್ರುವಗಳಿರುವ, 250 ಆರ್‌ಪಿಎಂ ಅಥವಾ ಅದಕ್ಕೂ ಕಡಿಮೆಯಲ್ಲಿ 24 ವೋಲ್ಟ್ ಕೊಡುವ ಜನರೇಟರ್ ಹುಡುಕಿ. ಕಬ್ಬಿಣದ ತಿರುಳಿಲ್ಲದ, ತಟ್ಟೆಯಾಕಾರದ್ದು ಸಿಕ್ಕರೆ ಕಾಂತ ಅಂಟಿಕೊಳ್ಳುವ ಕಾಟವೇ ಇರುವುದಿಲ್ಲ. ಕೊಳ್ಳುವ ಮೊದಲು ದಂಡವನ್ನು ಬೆರಳಲ್ಲಿ ತಿರುಗಿಸಿ ನೋಡಿ: ಟಕ್ ಟಕ್ ಎಂದು ಹಿಡಿದುಕೊಳ್ಳುವುದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ.

ಪ್ರಶ್ನಿಸಿದವರು:
ಭರತದಲ್ಲಿ ನೀರು ಹಿಂದಕ್ಕೆ ಹರಿಯುವಾಗ ವೈರು ಅದಲುಬದಲು ಮಾಡಬೇಕೇ?

ಉತ್ತರ:
ಬೇಡ. ನಿಮ್ಮ ಟರ್ಬೈನು ನೀರು ಯಾವ ಕಡೆಯಿಂದ ಬಂದರೂ ಒಂದೇ ದಿಕ್ಕಿಗೆ ತಿರುಗುತ್ತದೆ.