ಫ್ಯಾಮಿಲಿ ಗ್ರೂಪಿನಲ್ಲಿ ರಾಮನ್ ಫಾರ್ವರ್ಡ್

ದೊಡ್ಡಪ್ಪ: (ಫಾರ್ವರ್ಡ್) ಆಕಾಶ ಯಾಕೆ ನೀಲಿ ಅಂತ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಕಂಡುಹಿಡಿದು ನೊಬೆಲ್ ಗೆದ್ದವರು ಸರ್ ಸಿ.ವಿ. ರಾಮನ್. ಎಲ್ಲರಿಗೂ ಕಳಿಸಿ.

ಅತ್ತೆ: ಅಣ್ಣಾ, ಹೆಸರು, ನೊಬೆಲ್ ಬಿಟ್ಟರೆ ಉಳಿದದ್ದೆಲ್ಲ ತಪ್ಪು. ಆಕಾಶದ ನೀಲಿ ವಿವರಿಸಿದ್ದು ಲಾರ್ಡ್ ರೇಲೀ. ರಾಮನ್ ಪ್ರಯೋಗ ನಡೆದದ್ದು ಕಲ್ಕತ್ತೆಯಲ್ಲಿ, ಬೌಬಜಾರ್ ಬೀದಿಯ ಇಂಡಿಯನ್ ಅಸೋಸಿಯೇಷನ್ ಅನ್ನೋ ವಿಜ್ಞಾನ ಸಂಸ್ಥೆಯಲ್ಲಿ, 1928ರ ಫೆಬ್ರವರಿ 28ಕ್ಕೆ. ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದದ್ದು 1933ರಲ್ಲಿ.

ದೊಡ್ಡಪ್ಪ: ಸರಿ, ಸಮುದ್ರದ ನೀಲಿ ಅಂತ ತಿದ್ದೋಣ. 1921ರಲ್ಲಿ ಹಡಗಿನಲ್ಲೇ ಹೊಳೆದದ್ದಲ್ವೇನಮ್ಮಾ?

ಅಣ್ಣ: ದೊಡ್ಡಪ್ಪ, ಹಡಗಿನಲ್ಲಿ ನಿಕೋಲ್ ಪ್ರಿಸಮ್ (ಒಂದು ದಿಕ್ಕಿನಲ್ಲಿ ಕಂಪಿಸೋ ಬೆಳಕನ್ನಷ್ಟೇ ಬಿಡೋ ಹರಳು) ಹಿಡಿದು, ನೀರಿನ ಮೇಲೆ ಪ್ರತಿಫಲಿಸೋ ಆಕಾಶದ ಬೆಳಕನ್ನ ತಡೆದು ನೋಡಿದ್ರು. ನೀಲಿ ಹೋಗಲಿಲ್ಲ. ಅಂದ್ರೆ ಅದು ನೀರಿನೊಳಗಿಂದಲೇ ಬರ್ತಿದೆ. ಆದ್ರೆ ಅಲ್ಲಿ ಬೆಳಕು ಚದುರುತ್ತೆ ಅಷ್ಟೇ. ಚದುರುವಾಗ ಬಣ್ಣವೇ ಬದಲಾಗುತ್ತೆ ಅನ್ನೋದು ರಾಮನ್ ಪರಿಣಾಮ.

ತಂಗಿ: ಬಣ್ಣ ಬದಲಾಗೋದು ಫ್ಲೋರೆಸೆನ್ಸ್‌ನಲ್ಲೂ, ಅಂದ್ರೆ ವಸ್ತು ಬೆಳಕನ್ನ ಹೀರಿ ಬೇರೆ ಬಣ್ಣದಲ್ಲಿ ಹೊಳೆಯೋದ್ರಲ್ಲೂ ಇದೆಯಲ್ಲ ಅತ್ತೆ?

ಅತ್ತೆ: ಅಸಲಿ ಜಗಳ ಅದೇ ಪುಟ್ಟಿ. 1923ರಲ್ಲಿ ರಾಮನ್ ಶಿಷ್ಯ ರಾಮನಾಥನ್‌ಗೆ ಬಣ್ಣ ಬದಲಾದ ಈ ಮಂದ ಬೆಳಕು ಕಂಡಾಗ ನೀರಿನ ಕಲ್ಮಶದ ಫ್ಲೋರೆಸೆನ್ಸ್ ಅಂತಲೇ ಅಂದುಕೊಂಡ್ರು. ಎಷ್ಟು ಶುದ್ಧ ಮಾಡಿದ್ರೂ ಹೋಗಲಿಲ್ಲ. ಆಮೇಲಿನ ಪರೀಕ್ಷೆ ನೋಡು: ಬಿಸಿಲನ್ನ ಲೆನ್ಸ್‌ನಿಂದ ಕೂಡಿಸಿ, ನೇರಳೆ-ನೀಲಿ ಫಿಲ್ಟರ್ ದಾಟಿಸಿ ದ್ರವಕ್ಕೆ ಬಿಡಬೇಕು. ಹಳದಿ-ಹಸಿರು ಫಿಲ್ಟರನ್ನೂ ಬಿಸಿಲಿನ ದಾರಿಯಲ್ಲೇ ಇಟ್ಟರೆ ಪೂರ್ತಿ ಕತ್ತಲು. ಅದನ್ನೇ ತೆಗೆದು ದ್ರವಕ್ಕೂ ಕಣ್ಣಿಗೂ ನಡುವೆ ಇಟ್ಟರೆ ಮಂದ ಬೆಳಕು ಕಾಣುತ್ತೆ. ಹಾಗಾದ್ರೆ ಆ ಬಣ್ಣ ದ್ರವದೊಳಗೇ ಹುಟ್ಟಿದೆ. ಫಿಲ್ಟರ್ ಜೋಡಿ ಚೂರು ಸೋರಿದ್ರೂ ಪ್ರಯೋಗ ಕೆಟ್ಟಿತು. ಕಣ್ಣು ಕತ್ತಲಿಗೆ ಹೊಂದಿಕೊಂಡಿರಬೇಕು, ಬಣ್ಣ ಬದಲಾಗೋ ಫೋಟಾನ್ (ಬೆಳಕಿನ ಕಣ) ಸುಮಾರು ಕೋಟಿಗೊಂದು.

ಅಣ್ಣ: ಆ ಬೆಳಕು ಚೆನ್ನಾಗಿ ಧ್ರುವೀಕರಣಗೊಂಡಿತ್ತು, ಅಂದ್ರೆ ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸ್ತಿದ್ವು. ಮಾಮೂಲಿ ಫ್ಲೋರೆಸೆನ್ಸ್ ಹಾಗಿರಲ್ಲ. ಬೆಂಜೀನ್‌ಗೆ ಪಾದರಸ ದೀಪದ 435.8 ನ್ಯಾನೋಮೀಟರ್ ಗೆರೆ (ಒಂದೇ ಬಣ್ಣದ ಬೆಳಕು) ಬಿಟ್ಟರೆ ಹೊಸ ಗೆರೆ ಸುಮಾರು 455.5ರಲ್ಲಿ. 404.7 ಬಿಟ್ಟರೆ 421.6ಕ್ಕೆ ಸರಿಯುತ್ತೆ. ಎರಡರಲ್ಲೂ ಅಂತರ ಸೆಂಟಿಮೀಟರಿಗೆ 992 ಅಲೆ, ಬೆಂಜೀನ್ ಉಂಗುರದ ಕಂಪನದ್ದು. ಫ್ಲೋರೆಸೆನ್ಸ್ ಹೀಗೆ ಬಿಟ್ಟ ಗೆರೆಯ ಬೆನ್ನು ಹತ್ತಿ ಬರಲ್ಲ.

ಅತ್ತೆ: ಕೆ.ಎಸ್. ಕೃಷ್ಣನ್ ಹೆಸರಿಲ್ಲದೆ ಇದನ್ನ ಯಾರಿಗೂ ಕಳಿಸಬೇಡ ಅಣ್ಣಾ. ಜೊತೆಗಿದ್ದು ನೋಡಿದವರು ಅವರು.

ದೊಡ್ಡಪ್ಪ: ಹಾಕ್ತೀನಿ. ಆದರೆ ಬೆಂಗಳೂರನ್ನ ಪೂರ್ತಿ ತೆಗೆಯೋಕೆ ನಾನು ಒಪ್ಪಲ್ಲ. 1928ರ ಮಾರ್ಚ್ 16ರಂದು ರಾಮನ್ ಈ ಶೋಧದ ಬಗ್ಗೆ ಭಾಷಣ ಮಾಡಿದ್ದು ಬೆಂಗಳೂರಿನಲ್ಲೇ.

ಅತ್ತೆ: ಅದು ನಿಜ. ಅದನ್ನ ಉಳಿಸು, ಟಾಟಾ ಇನ್‌ಸ್ಟಿಟ್ಯೂಟ್ ತೆಗಿ.