ಕ್ರ್ಯಾಂಕ್ ತಿರುಗುತ್ತದೆ, ಕಿಟಕಿ ಕದಲುವುದಿಲ್ಲ: ಮನೆಯಲ್ಲೇ ರಿಪೇರಿ ಸಾಧ್ಯವಾ?

ಮಿನ್ನೆಸೋಟ_ಮನೆ:

ಎಲ್ಲರಿಗೂ ನಮಸ್ಕಾರ. ಮಿನಿಯಾಪೊಲಿಸ್ ಹತ್ತಿರ ನಮ್ಮ ಮನೆ, 1990ರ ದಶಕದಲ್ಲಿ ಕಟ್ಟಿದ್ದು. ಮಲಗುವ ಕೋಣೆಯಲ್ಲಿ ಕ್ರ್ಯಾಂಕ್ ತಿರುಗಿಸಿ ಹೊರಗೆ ತೆರೆಯುವ ಕೇಸ್ಮೆಂಟ್ ಕಿಟಕಿ ಇದೆ. ಒಳಗೆ ಮರ, ಹೊರಗೆ ಅಲ್ಯೂಮಿನಿಯಂ ಹೊದಿಕೆ. ಈ ವಾರದಿಂದ ಹ್ಯಾಂಡಲ್ ತಿರುಗಿಸಿದರೆ ಕಟಕಟ ಸದ್ದು ಮಾತ್ರ ಬರುತ್ತದೆ, ಕಿಟಕಿ ಕದಲುವುದಿಲ್ಲ. ಅಂಗೈ ಅಗಲ ತೆರೆದು ಹಾಗೇ ನಿಂತಿದೆ.

ಊರಲ್ಲಾದರೆ ಕಿಟಕಿ ಬಾಗಿಲನ್ನು ಕೈಯಲ್ಲೇ ಎಳೆದು ಚಿಲಕ ಹಾಕುತ್ತಿದ್ದೆವು. ಇಲ್ಲಿ ಸೊಳ್ಳೆ ಮೆಶ್ ಒಳಗಡೆ ಇರುವುದರಿಂದ ಬಾಗಿಲಿಗೆ ಕೈಯೇ ಸಿಗುವುದಿಲ್ಲ, ಎಲ್ಲವೂ ಈ ಹ್ಯಾಂಡಲ್ ಮೇಲೆ ನಿಂತಿದೆ. ರಿಪೇರಿಯವರನ್ನು ಕರೆಸಿದೆ. ನೋಡಿದವರು ಇಡೀ ಕಿಟಕಿ ಬದಲಿಸಿ ಅಂದರು. ಎರಡು ಪದರ ಗಾಜಿನ ನಡುವೆ ಮಂಜು ಕಟ್ಟಿಲ್ಲ, ಮರ ಎಲ್ಲೂ ಕೊಳೆತಿಲ್ಲ. ಇಂಥ ಕಿಟಕಿಯನ್ನು ಕಿತ್ತು ಎಸೆಯಲು ಮನಸ್ಸು ಒಪ್ಪುತ್ತಿಲ್ಲ. ಚಳಿ ಬರುವ ಮೊದಲು ಮುಚ್ಚಬೇಕು. ಎಲ್ಲಿಂದ ಶುರು ಮಾಡಲಿ?

ಸ್ಪ್ಯಾನರ್_ಸಂಗಾತಿ:

ಕಿಟಕಿ ಬದಲಿಸುವ ಅಗತ್ಯ ಖಂಡಿತ ಇಲ್ಲ ಸರ್. ಗಾಜು, ಮರ ಚೆನ್ನಾಗಿದ್ದರೆ ಹಾಳಾಗಿರುವುದು ಒಂದು ಬಿಡಿಭಾಗ ಅಷ್ಟೇ. ಅದು ಬಿಡಿಯಾಗಿಯೇ ಸಿಗುತ್ತದೆ. ಮೊದಲು ಒಂದು ಕೆಲಸ ಮಾಡಿ, ಹ್ಯಾಂಡಲ್ ಅನ್ನು ಬಲವಾಗಿ ತಿರುಗಿಸುವುದನ್ನು ನಿಲ್ಲಿಸಿ. ಒಂದೊಂದು ಸಲ ಕಟ್ ಅಂದಾಗಲೂ ಒಂದಿಷ್ಟು ಲೋಹ ಉದುರುತ್ತಿರುತ್ತದೆ.

ಹಲ್ಲು ಸವೆಯುವ ಜಾಗ ಮೂರು. ಒಂದು, ಹ್ಯಾಂಡಲ್ ತೂತಿನ ಒಳಗಿನ ಸಣ್ಣ ಹಲ್ಲುಗಳು. ಹ್ಯಾಂಡಲ್ ಸಾಮಾನ್ಯವಾಗಿ ಎರಕದ ಸತು, ಮೆತ್ತಗಿನ ಲೋಹ. ಆದ್ದರಿಂದ ಬಹಳ ಸಲ ಮೊದಲು ಹೋಗುವುದು ಇದೇ. ಎರಡು, ಹ್ಯಾಂಡಲ್ ಕೂರುವ ಶಾಫ್ಟ್ ಮೇಲಿನ ಹಲ್ಲುಗಳು. ಮೂರು, ಚೌಕಟ್ಟಿನ ಒಳಗೆ ಅಡಗಿರುವ ಗೇರ್. ಅಲ್ಲಿ ಒಂದು ವರ್ಮ್, ಅಂದರೆ ಸ್ಕ್ರೂ ಥರ ಸುರುಳಿ ಹಲ್ಲಿನ ದಂಡ ಇರುತ್ತದೆ, ಅದು ತೋಳಿನ ಬುಡದ ಹಲ್ಲನ್ನು ತಳ್ಳುತ್ತದೆ, ತೋಳು ಕಿಟಕಿ ಬಾಗಿಲನ್ನು ತಳ್ಳುತ್ತದೆ. ಈ ಇಡೀ ಪೆಟ್ಟಿಗೆಗೆ ಅಂಗಡಿಯಲ್ಲಿ ಆಪರೇಟರ್ ಅನ್ನುತ್ತಾರೆ.

ಯಾವುದು ಹೋಗಿದೆ ಅಂತ ನೋಡಲು ದೊಡ್ಡ ಸಲಕರಣೆ ಬೇಡ. ಪಕ್ಕದ ಕಿಟಕಿಯ ಹ್ಯಾಂಡಲ್ ಕಳಚಿ ತನ್ನಿ. ಬದಿಯಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ, ಸ್ಕ್ರೂಡ್ರೈವರ್ ಅಥವಾ ಅಲೆನ್ ಕೀಯಿಂದ ಸಡಿಲ ಮಾಡಿದರೆ ಹ್ಯಾಂಡಲ್ ಕೈಗೆ ಬರುತ್ತದೆ. ಅದನ್ನು ಕೆಟ್ಟ ಕಿಟಕಿಗೆ ಹಾಕಿ ಮೆಲ್ಲಗೆ ತಿರುಗಿಸಿ. ಕಿಟಕಿ ಕದಲಿದರೆ ಹೊಸ ಹ್ಯಾಂಡಲ್ ಸಾಕು. ಆ ಹ್ಯಾಂಡಲ್ ಕೂಡ ಶಾಫ್ಟ್ ಮೇಲೆ ಜಾರಿದರೆ ಶಾಫ್ಟ್ ಸವೆದಿದೆ. ಶಾಫ್ಟ್ ತಿರುಗಿಯೂ ತೋಳು ನಿಂತಲ್ಲೇ ನಿಂತರೆ ಒಳಗಿನ ಗೇರ್ ಹೋಗಿದೆ. ಶಾಫ್ಟ್ ತಿರುಗುವುದೇ ಇಲ್ಲ ಅಂದರೆ ಕಥೆ ಬೇರೆ. ಆಗ ಲಾಕ್ ಹಾಕಿಯೇ ಇದೆಯಾ, ಬಾಗಿಲು ಎಲ್ಲಾದರೂ ಅಂಟಿದೆಯಾ ನೋಡಬೇಕು.

ಮಿನ್ನೆಸೋಟ_ಮನೆ:

ಮಾಡಿ ನೋಡಿದೆ. ಬೇರೆ ಹ್ಯಾಂಡಲ್ ಗಟ್ಟಿಯಾಗಿ ಹಿಡಿಯುತ್ತದೆ, ಶಾಫ್ಟ್ ತಿರುಗುತ್ತದೆ. ಮೆಶ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ, ತೋಳು ಸ್ವಲ್ಪ ನಡುಗಿ ಅಲ್ಲೇ ನಿಲ್ಲುತ್ತದೆ. ಹಾಗಾದರೆ ಗೇರ್ ಅಲ್ವಾ? ಅದನ್ನು ಮಾತ್ರ ಬಿಚ್ಚಿ ಸರಿ ಮಾಡಬಹುದಾ?

ಸ್ಪ್ಯಾನರ್_ಸಂಗಾತಿ:

ಹೌದು, ಗೇರ್ ಹೋಗಿದೆ. ಗೇರನ್ನು ಮಾತ್ರ ಸರಿ ಮಾಡಲು ಹೋಗಬೇಡಿ. ಹೆಚ್ಚಿನವು ರಿವೆಟ್ ಹೊಡೆದು ಮುಚ್ಚಿರುತ್ತವೆ, ಒಳಗಿನ ಹಲ್ಲು ಬಿಡಿಯಾಗಿ ಮಾರುವುದೂ ಇಲ್ಲ. ಆಪರೇಟರ್ ಪೂರ್ತಿ ಬದಲಿಸಬೇಕು. ಸ್ಕ್ರೂಡ್ರೈವರ್ ಹಿಡಿಯಲು ಬಂದರೆ ಸಾಕು, ಅಷ್ಟು ಸುಲಭ.

ಆದರೆ ಆರ್ಡರ್ ಮಾಡುವ ಮೊದಲು ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ. ಫೋಟೋ ನೋಡಿ ಅಂದಾಜಿನ ಮೇಲೆ ತರಿಸಿದರೆ ಹೊಂದುವುದಿಲ್ಲ.

ಬಿಚ್ಚುವಾಗ ಇನ್ನೊಬ್ಬರು ಜೊತೆಗಿರಲಿ. ತೋಳು ಕಳಚಿದ ಮೇಲೆ ಬಾಗಿಲನ್ನು ಹಿಡಿದಿಡಲು ಏನೂ ಇರುವುದಿಲ್ಲ. ಗಾಳಿ ಬಂದರೆ ಗಾಜಿನ ಸಮೇತ ಗೋಡೆಗೆ ಬಡಿಯುತ್ತದೆ. ಬಾಗಿಲನ್ನು ಗಟ್ಟಿ ಹಗ್ಗದಲ್ಲಿ ಕಟ್ಟಿಡಿ. ಮೇಲಿನ ಮಹಡಿ ಆದರೆ ಹೊರಗೆ ಬಾಗಿ ಕೆಲಸ ಮಾಡಲೇಬೇಡಿ.

ಮೊದಲು ಹ್ಯಾಂಡಲ್ ತೆಗೆಯಿರಿ, ಆಮೇಲೆ ಶಾಫ್ಟ್ ಸುತ್ತಲಿನ ಪ್ಲಾಸ್ಟಿಕ್ ಕವರ್ ಮೇಲಕ್ಕೆ ಎಬ್ಬಿಸಿ. ಕೆಲವು ಕಿಟಕಿಗಳಲ್ಲಿ ಸ್ಕ್ರೂಗಳು ಮರದ ಪಟ್ಟಿಯ ಕೆಳಗೆ ಅಡಗಿರುತ್ತವೆ. ಆಗ ಪಟ್ಟಿಯ ಅಂಚಿನ ಪೇಂಟನ್ನು ಬ್ಲೇಡಿನಿಂದ ಕೊಯ್ದು, ಅಗಲವಾದ ಪುಟ್ಟಿ ಚಾಕು ತೂರಿಸಿ ಮೆಲ್ಲಗೆ ಎಬ್ಬಿಸಬೇಕು. ತೋಳಿನ ತುದಿ ಬಾಗಿಲಿನ ಕೆಳಗಿರುವ ಟ್ರ್ಯಾಕ್‌ನಲ್ಲಿ ಓಡುತ್ತದೆ. ಆ ಟ್ರ್ಯಾಕ್‌ನಲ್ಲಿ ಒಂದು ಕಡೆ ಅಗಲವಾದ ಕಚ್ಚು ಇರುತ್ತದೆ. ತೋಳಿನ ತುದಿ ಅಲ್ಲಿಗೆ ಬಂದಾಗ ಕೆಳಗೆ ಒತ್ತಿದರೆ ಹೊರಬರುತ್ತದೆ. ನಿಮ್ಮ ಗೇರ್ ಹೋಗಿರುವುದರಿಂದ ಬಾಗಿಲನ್ನು ಕೈಯಿಂದ ತಳ್ಳಿ ಕಚ್ಚಿನವರೆಗೆ ತರಬಹುದು. ತಳ್ಳಿದರೂ ಬರದಿದ್ದರೆ ಆಪರೇಟರ್ ಸ್ಕ್ರೂಗಳನ್ನೇ ಮೊದಲು ಬಿಚ್ಚಿ, ಪೆಟ್ಟಿಗೆ ಸಮೇತ ಸರಿಸಿ. ಎರಡು ತೋಳಿನ ಮಾದರಿ ಆದರೆ ಇನ್ನೊಂದು ತೋಳು ಕ್ಲಿಪ್‌ನಲ್ಲಿ ಕೂತಿರುತ್ತದೆ, ಚಪ್ಪಟೆ ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಬಿಡುತ್ತದೆ.

ಕೈಗೆ ಬಂದ ಮೇಲೆ ತೋಳಿನ ಮೇಲೆ, ಪೆಟ್ಟಿಗೆಯ ತಳದಲ್ಲಿ ಅಚ್ಚೊತ್ತಿದ ನಂಬರ್ ಹುಡುಕಿ. ಕಿಟಕಿಯ ಬ್ರಾಂಡ್ ಒಂದು, ಒಳಗಿನ ಆಪರೇಟರ್ ಮಾಡಿದವರು ಇನ್ನೊಬ್ಬರು ಆಗಿರುವುದು ಇಲ್ಲಿ ಮಾಮೂಲು. ಟ್ರೂತ್, ರೋಟೊ ಮುಂತಾದ ಕಂಪನಿಗಳು ಅನೇಕ ಕಿಟಕಿ ತಯಾರಕರಿಗೆ ಇವನ್ನು ಕೊಡುತ್ತಾ ಬಂದಿವೆ. ಅದಕ್ಕೇ ಕಿಟಕಿ ಮಾಡಿದ ಕಂಪನಿ ಮುಚ್ಚಿದ್ದರೂ ಭಾಗ ಸಿಗುವ ಸಾಧ್ಯತೆ ಚೆನ್ನಾಗಿದೆ. ತೋಳಿನ ಉದ್ದ, ಸ್ಕ್ರೂ ತೂತುಗಳ ನಡುವಿನ ದೂರ, ಶಾಫ್ಟ್ ದಪ್ಪ ಅಳೆದು ಬರೆದಿಡಿ. ಶಾಫ್ಟ್ ಬಹಳ ಕಡೆ 5/16 ಇಂಚು ಇರುತ್ತದೆ, 11/32 ಮತ್ತು 3/8 ಕೂಡ ಇವೆ. ಕಣ್ಣಿಗೆ ಮೂರೂ ಒಂದೇ ಥರ ಕಾಣುತ್ತವೆ, ಕ್ಯಾಲಿಪರ್ ಬಳಸಿ. ಎರಡು ಗಾಜುಗಳ ನಡುವಿನ ಲೋಹದ ಪಟ್ಟಿಯನ್ನೂ ಒಮ್ಮೆ ನೋಡಿ. ಅದರ ಮೇಲೆ ತಯಾರಕರ ಹೆಸರು, ವರ್ಷ ಅಚ್ಚಾಗಿರುವುದುಂಟು.

ಎಡ, ಬಲ ಅಂತ ಬೇರೆ ಬೇರೆ ಇವೆ. ಕೆಲವರು ಒಳಗೆ ನಿಂತು ನೋಡಿ ಎಡ ಅನ್ನುತ್ತಾರೆ, ಕೆಲವರು ಹೊರಗೆ ನಿಂತು ನೋಡಿ. ಆದ್ದರಿಂದ ಆ ಪದವನ್ನು ನಂಬಿಕೊಳ್ಳದೆ, ಹಳೆಯದರ ಫೋಟೋ ಮತ್ತು ನಂಬರ್ ಅಂಗಡಿಯವರಿಗೆ ಕಳಿಸಿ.

ಜರ್ಸಿ_ಜೋಯ್ಡಾ:

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನ್ಯೂಜೆರ್ಸಿಯಲ್ಲಿ ನಮ್ಮದು 1960ರ ದಶಕದ ಮನೆ. ನಮ್ಮ ಕಿಟಕಿಯಲ್ಲಿ ಗೇರ್ ಸರಿ ಇದೆ, ಹ್ಯಾಂಡಲ್ ಮಾತ್ರ ಜಾರುತ್ತದೆ. ಹೊಸ ಹ್ಯಾಂಡಲ್ ಹಾಕಿದರೂ ಅದೇ ಕಥೆ. ಜೆಬಿ ವೆಲ್ಡ್ ಅನ್ನುವ ಲೋಹದ ಅಂಟು ಹಾಕಿ ಅಂಟಿಸಿಬಿಡಲಾ? ಸದ್ಯಕ್ಕೆ ಲಾಕಿಂಗ್ ಪ್ಲೈಯರ್ ಕಚ್ಚಿಸಿ ಬಿಟ್ಟಿದ್ದೇವೆ, ಕೆಲಸ ನಡೆಯುತ್ತಿದೆ.

ಸ್ಪ್ಯಾನರ್_ಸಂಗಾತಿ:

ಅಂಟಿಸಬೇಡಿ ಮೇಡಂ. ಹ್ಯಾಂಡಲ್ ತೆಗೆಯದೆ ಕವರ್ ಮೇಲೆ ಬರುವುದಿಲ್ಲ. ಕವರ್ ಬರದೆ ಸ್ಕ್ರೂ ಸಿಗುವುದಿಲ್ಲ. ಅಂಟಿಸಿದರೆ ಮುಂದೆ ಗೇರ್ ಹೋದಾಗ ಶಾಫ್ಟನ್ನು ಗರಗಸದಲ್ಲಿ ಕೊಯ್ಯಬೇಕಾಗುತ್ತದೆ.

ನಿಮ್ಮದು ಶಾಫ್ಟ್ ಸವೆದ ಕೇಸು. ಶಾಫ್ಟಿನ ಒಂದು ಬದಿಯನ್ನು ಅರದಿಂದ ಉಜ್ಜಿ ಸಣ್ಣ ಚಪ್ಪಟೆ ಜಾಗ ಮಾಡಿ. ಹ್ಯಾಂಡಲ್ ಸ್ಕ್ರೂ ಸರಿಯಾಗಿ ಆ ಚಪ್ಪಟೆಯ ಮೇಲೆ ಬಂದು ಕೂರಬೇಕು. ಹಲ್ಲು ಹೋದರೂ ಸ್ಕ್ರೂ ಹಿಡಿದುಕೊಳ್ಳುತ್ತದೆ. ಇನ್ನೂ ಸಡಿಲ ಅನಿಸಿದರೆ ತಂಪು ಪಾನೀಯದ ಡಬ್ಬಿಯಿಂದ ತೆಳ್ಳಗಿನ ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿ ಶಾಫ್ಟಿಗೆ ಸುತ್ತಿ, ಅದರ ಮೇಲೆ ಹ್ಯಾಂಡಲ್ ತೂರಿಸಿ. ಅಂಚು ಚೂಪಾಗಿರುತ್ತದೆ, ಕೈಗವಸು ಇರಲಿ. ಶಾಫ್ಟ್ ಆಪರೇಟರಿನದೇ ಭಾಗ, ಹೊಸ ಆಪರೇಟರ್ ತರಿಸುವವರೆಗೆ ಇದು ನಡೆಯುತ್ತದೆ. ಶಾಶ್ವತ ಅಂತ ನಾನು ಹೇಳುವುದಿಲ್ಲ.

ಪ್ಲೈಯರ್ ವಿಷಯ ಮಾತ್ರ ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಅದು ಮಲಗುವ ಕೋಣೆಯ ಕಿಟಕಿಯಾ? ಅಮೆರಿಕದ ಮನೆ ಕಟ್ಟುವ ನಿಯಮದ ಪ್ರಕಾರ ಮಲಗುವ ಕೋಣೆಯಿಂದ ತುರ್ತಾಗಿ ಹೊರಬರಲು ಒಂದು ದಾರಿ ಇರಬೇಕು. ಬಹಳ ಮನೆಗಳಲ್ಲಿ ಆ ದಾರಿ ಈ ಕಿಟಕಿಯೇ. ಕೀಲಿ, ಸಲಕರಣೆ ಯಾವುದೂ ಇಲ್ಲದೆ ಅದು ಒಳಗಿನಿಂದ ತೆರೆಯಬೇಕು. ಪ್ಲೈಯರ್ ಯಾರೋ ತೆಗೆದುಕೊಂಡು ಹೋಗಿ ಗ್ಯಾರೇಜಿನಲ್ಲಿಟ್ಟರೆ, ರಾತ್ರಿ ಹೊಗೆ ತುಂಬಿದಾಗ ಮಕ್ಕಳು ಏನು ಮಾಡಬೇಕು? ಪರದೆಗೆ ಅಡ್ಡ ಬರುತ್ತದೆ ಅಂತ ಹ್ಯಾಂಡಲ್ ಕಳಚಿ ಡ್ರಾಯರಿನಲ್ಲಿ ಇಡುವುದೂ ಅಷ್ಟೇ ತಪ್ಪು. ಮಡಚುವ ಹ್ಯಾಂಡಲ್ ಸಿಗುತ್ತದೆ, ಅದನ್ನು ಹಾಕಿ.

ಇನ್ನೊಂದು ಮಾತು. ನಿಮ್ಮ ಮನೆ 1978ಕ್ಕಿಂತ ಹಳೆಯದು, ಪೇಂಟಿನಲ್ಲಿ ಸೀಸ ಇರಬಹುದು. ಕಿಟಕಿಯ ಪೇಂಟನ್ನು ಒಣಗಿದ್ದಾಗ ಉಜ್ಜಬೇಡಿ. ಒದ್ದೆ ಮಾಡಿ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ.

ಮಿನ್ನೆಸೋಟ_ಮನೆ:

ನಮ್ಮ ಆಪರೇಟರ್ ಬಿಚ್ಚಿದೆವು, ನಂಬರ್ ಸಿಕ್ಕಿತು, ಅದೇ ಅಳತೆಯದ್ದು ಆರ್ಡರ್ ಆಗಿದೆ. ಸದ್ಯ ಬಾಗಿಲನ್ನು ಎಳೆದು ಲಾಕ್ ಹಾಕಿದ್ದೇವೆ. ಆದರೆ ಎರಡು ವಿಷಯ ಕಂಡಿತು. ತೋಳು ಇಲ್ಲದಿದ್ದರೂ ಬಾಗಿಲು ಸರಾಗವಾಗಿ ಓಡುವುದಿಲ್ಲ, ಲಾಕ್ ಇರುವ ಕಡೆಯ ಕೆಳಮೂಲೆ ಚೌಕಟ್ಟಿಗೆ ತಾಗುತ್ತದೆ. ಮತ್ತೆ, ಆಪರೇಟರ್ ಸ್ಕ್ರೂ ಕೂರುವ ಮರದ ತೂತುಗಳು ಸಡಿಲವಾಗಿವೆ. ಹೊಸದು ಬಂದ ತಕ್ಷಣ ಹಾಕಿಬಿಡಲಾ?

ಸ್ಪ್ಯಾನರ್_ಸಂಗಾತಿ:

ಹಾಕಬೇಡಿ! ನಿಮ್ಮ ಗೇರ್ ಯಾಕೆ ಹೋಯಿತು ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಆಪರೇಟರ್ ಕಳಚಿರುವಾಗ ಬಾಗಿಲು ಒಂದು ಬೆರಳಿನಲ್ಲಿ ತಳ್ಳಿದರೆ ಹೋಗಬೇಕು, ಎಳೆದರೆ ಬರಬೇಕು. ಹಾಗೆ ಆಗದಿದ್ದರೆ ಆ ಬಿಗಿಯೆಲ್ಲಾ ಸಣ್ಣ ಹಲ್ಲುಗಳ ಮೇಲೆ ಬೀಳುತ್ತದೆ. ಹೊಸ ಆಪರೇಟರ್ ಹಾಕಿದರೂ ಅದೇ ಗತಿ. ಜನ ಹ್ಯಾಂಡಲ್ ಮುರಿಯಿತು ಅಂತ ಹ್ಯಾಂಡಲ್ ತರುತ್ತಾರೆ, ಗೇರ್ ಹೋಯಿತು ಅಂತ ಗೇರ್ ತರುತ್ತಾರೆ. ಹಿಂಜ್ ಕಡೆ ಯಾರೂ ನೋಡುವುದಿಲ್ಲ. ನನಗೆ ಬೇಸರವಾಗುವುದು ಇದಕ್ಕೇ. ನಿಮ್ಮಲ್ಲಿಗೆ ಬಂದವರೂ ಅದನ್ನು ಮುಟ್ಟಿ ನೋಡಲಿಲ್ಲ, ಅಲ್ವಾ?

ಬಾಗಿಲಿನ ಮೇಲೆ ಕೆಳಗೆ ಹಿಂಜ್ ಟ್ರ್ಯಾಕ್ ಇರುತ್ತದೆ. ಅದರಲ್ಲಿ ಒಂದು ಪ್ಲಾಸ್ಟಿಕ್ ತುಂಡು ಜಾರುತ್ತಾ ಹೋಗುತ್ತದೆ. ಆ ಟ್ರ್ಯಾಕ್‌ನಲ್ಲಿ ಧೂಳು, ಸತ್ತ ಹುಳ, ಗಟ್ಟಿಯಾದ ಹಳೇ ಗ್ರೀಸ್ ಸೇರಿ ಕೂತಿರುತ್ತವೆ. ವ್ಯಾಕ್ಯೂಮ್ ಹಿಡಿಯಿರಿ. ಹಳೇ ಹಲ್ಲುಜ್ಜುವ ಬ್ರಷ್, ಸೋಪಿನ ನೀರು ಹಾಕಿ ತಿಕ್ಕಿ, ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ಒಣ ಸಿಲಿಕೋನ್ ಸ್ಪ್ರೇ. ಟ್ರ್ಯಾಕ್‌ಗೆ ಎಣ್ಣೆ, ಗ್ರೀಸ್ ಹಾಕಿದರೆ ಮತ್ತೆ ಧೂಳು ಅಂಟುತ್ತದೆ. ಗೇರಿಗೆ ಮಾತ್ರ ಬಿಳಿ ಲಿಥಿಯಂ ಗ್ರೀಸ್. ಡಬ್ಲ್ಯುಡಿ-40ಯ ಮಾಮೂಲಿ ಡಬ್ಬಿ ತುಕ್ಕು ಬಿಡಿಸಲು ಚೆನ್ನಾಗಿದೆ, ಆದರೆ ಜಾಸ್ತಿ ದಿನ ನಿಲ್ಲುವುದಿಲ್ಲ.

ಶುಚಿ ಮಾಡಿದ ಮೇಲೂ ಮೂಲೆ ತಾಗಿದರೆ ಬಾಗಿಲು ಜಗ್ಗಿದೆ. ಮೊದಲು ಹಿಂಜ್ ಸ್ಕ್ರೂಗಳು ಬಿಗಿಯಾಗಿವೆಯಾ ನೋಡಿ. ಕೆಲವು ಹಿಂಜ್‌ಗಳಲ್ಲಿ ಸ್ಪ್ಯಾನರ್ ಹಾಕಿ ತಿರುಗಿಸುವ ಗುಬ್ಬಿ ಇರುತ್ತದೆ. ಅದನ್ನು ಸ್ವಲ್ಪ ತಿರುಗಿಸಿದರೆ ಬಾಗಿಲು ಪಕ್ಕಕ್ಕೆ ಸರಿದು ಮೂಲೆ ಬಿಡಿಸಿಕೊಳ್ಳುತ್ತದೆ. ತುಸು ತಿರುಗಿಸಿ, ಮುಚ್ಚಿ ನೋಡಿ, ಮತ್ತೆ ತುಸು. ಹಿಂಜೇ ಸವೆದು ಅಲ್ಲಾಡುತ್ತಿದ್ದರೆ ಅದನ್ನೂ ಬದಲಿಸಬೇಕು. ಮಲಗುವ ಕೋಣೆ ಆದ್ದರಿಂದ ಈಗಿರುವ ಮಾದರಿಯದ್ದೇ ತನ್ನಿ. ಬೇರೆ ಮಾದರಿ ಹಾಕಿದರೆ ಕಿಟಕಿ ತೆರೆಯುವ ಜಾಗ ಕಡಿಮೆಯಾಗಬಹುದು.

ಸಡಿಲ ತೂತಿಗೆ ಉದ್ದದ ಸ್ಕ್ರೂ ಹೊಡೆಯಬೇಡಿ, ಕೆಳಗೆ ಏನಿದೆಯೋ ಗೊತ್ತಾಗುವುದಿಲ್ಲ. ಮರದ ಕಡ್ಡಿಗೆ ವುಡ್ ಗ್ಲೂ ಹಚ್ಚಿ ತೂತಿನಲ್ಲಿ ತುಂಬಿ. ಒಂದು ರಾತ್ರಿ ಒಣಗಲಿ. ಮೇಲೆ ಬಂದದ್ದನ್ನು ಕೊಯ್ದು, ಸಣ್ಣ ಬಿಟ್‌ನಲ್ಲಿ ದಾರಿ ಕೊರೆದು ಹಳೇ ಸ್ಕ್ರೂವನ್ನೇ ಹಾಕಿ. ಆಪರೇಟರ್ ಅಲ್ಲಾಡುತ್ತಿದ್ದರೆ ವರ್ಮ್ ಎಷ್ಟು ಚೆನ್ನಾಗಿದ್ದರೂ ಬಲ ಬಾಗಿಲಿಗೆ ಮುಟ್ಟುವುದಿಲ್ಲ.

ಮಿನ್ನೆಸೋಟ_ಮನೆ:

ಟ್ರ್ಯಾಕ್ ತೊಳೆದ ಮೇಲೆ ಬಾಗಿಲು ನಿಜವಾಗಿಯೂ ಬೆರಳಿನಲ್ಲಿ ಓಡುತ್ತಿದೆ. ಗುಬ್ಬಿ ಸ್ವಲ್ಪ ತಿರುಗಿಸಿದಾಗ ಮೂಲೆಯೂ ಬಿಟ್ಟುಕೊಂಡಿತು. ಹೊಸ ಆಪರೇಟರ್ ಕೂರಿಸಿದೆವು. ಒಂದು ಪ್ರಶ್ನೆ ಉಳಿದಿದೆ. ಹ್ಯಾಂಡಲ್ ತಿರುಗಿಸಿ ಮುಚ್ಚಿದಾಗ ರಬ್ಬರ್ ಪಟ್ಟಿಗೂ ಬಾಗಿಲಿಗೂ ನಡುವೆ ಕೂದಲೆಳೆಯಷ್ಟು ಸಂದು ಇದೆ. ಇನ್ನೂ ಬಿಗಿ ಮಾಡಲಾ?

ಸ್ಪ್ಯಾನರ್_ಸಂಗಾತಿ:

ಬೇಡ ಸರ್. ಬಾಗಿಲನ್ನು ಚೌಕಟ್ಟಿನವರೆಗೆ ತರುವುದಷ್ಟೇ ಕ್ರ್ಯಾಂಕ್ ಕೆಲಸ. ರಬ್ಬರಿಗೆ ಒತ್ತಿ ಗಾಳಿ ನಿಲ್ಲಿಸುವುದು ಲಾಕ್ ಕೆಲಸ. ಕೈಗೆ ಬಿಗಿ ಅನಿಸಿದ ಕೂಡಲೇ ನಿಲ್ಲಿಸಿ ಲಾಕ್ ಒತ್ತಿ, ಆ ಸಂದು ಮುಚ್ಚಿಕೊಳ್ಳುತ್ತದೆ. ತೆರೆಯುವಾಗ ಮೊದಲು ಲಾಕ್ ಬಿಡಿಸಿ, ಆಮೇಲೆ ಕ್ರ್ಯಾಂಕ್. ಎರಡು ಲಾಕ್ ಇದ್ದರೆ ಎರಡೂ. ಮನೆಯವರಿಗೆಲ್ಲಾ ಇದನ್ನು ತೋರಿಸಿಕೊಡಿ, ಒಂದು ಲಾಕ್ ಮರೆತು ತಿರುಗಿಸಿದರೂ ಹಲ್ಲಿಗೆ ಪೆಟ್ಟು.

ನಿಮ್ಮ ಕಡೆ ಚಳಿಯಲ್ಲಿ ರಬ್ಬರ್ ಪಟ್ಟಿಯ ಮೇಲೆ ನೀರು ಹೆಪ್ಪುಗಟ್ಟಿ ಬಾಗಿಲು ಅಂಟಿಕೊಳ್ಳುತ್ತದೆ. ಆ ದಿನಗಳಲ್ಲಿ ಬಲ ಹಾಕಬೇಡಿ. ಕೋಣೆಯ ಪರದೆ ಸರಿಸಿ, ಬೆಚ್ಚಗಿನ ಗಾಳಿ ಗಾಜಿಗೆ ತಾಗಲು ಬಿಡಿ, ಕರಗಿದ ಮೇಲೆ ತೆರೆಯಿರಿ. ಹಳೆಯ ಆಪರೇಟರಿನ ಸ್ಕ್ರೂ, ಕ್ಲಿಪ್, ತೋಳಿನ ತುದಿಯ ಜಾರುವ ತುಂಡು ಎಸೆಯಬೇಡಿ, ಉಳಿದ ಕಿಟಕಿಗಳೂ ಅದೇ ವಯಸ್ಸಿನವು. ಚಳಿಗೆ ಮೊದಲೇ ಅವುಗಳ ಟ್ರ್ಯಾಕ್ ಕೂಡ ತೊಳೆದುಬಿಡಿ.